ಮರಿಗಳನ್ನು ಬಿಟ್ಟು ಎಣಿಸಿದ ಲೆಕ್ಕ

ಗೊಲ್ಲರಹಟ್ಟಿ
ವೈ.ಎನ್.ಹೊಸಕೋಟೆ ಹೋಬಳಿ, ಪಾವಗಡ ತಾಲ್ಲೂಕು
11-12-2024

ಪ್ರೀತಿಯ ಅಕ್ಕನಿಗೆ ತಂಗಿ ಗಂಗಾಲಕ್ಷ್ಮಿಯ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸು. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನನಗೇ ಗೊತ್ತಾಗುವುದಿಲ್ಲ. ನಾನು ಐದಕ್ಕೇ ಬಿಟ್ಟವಳು, ನೀನು ಏಳರವರೆಗೆ ಓದಿದವಳು, ತಿದ್ದಿಕೊಂಡು ಓದು. ದೀಪಾವಳಿಗೇ ಬರೆಯುತ್ತೇನೆ ಎಂದಿದ್ದೆ. ಮೂರು ಸಲ ಶುರು ಮಾಡಿದೆ, ಮೂರೂ ಒಲೆಗೆ ಹೋದವು. ಫೋನಿನಲ್ಲಿ ನೀನು "ಉಂಡ್ಯಾ?" ಅನ್ನುತ್ತೀಯ, ನಾನು "ಉಂಡೆ" ಅನ್ನುತ್ತೇನೆ, ಅಷ್ಟಕ್ಕೇ ಫೋನ್ ಇಡುತ್ತೇವೆ. ಪಕ್ಕದಲ್ಲಿ ಭಾವ ಇರುತ್ತಾರೆ. ನಾಲ್ಕು ವರ್ಷದಿಂದ ನಿನಗೆ ಹೇಳಬೇಕಾದ ಒಂದು ವಿಷಯ ನನ್ನ ಹತ್ತಿರ ಉಳಿದುಕೊಂಡಿದೆ. ಈ ಕಾಗದ ಮುಗಿಯುವುದರೊಳಗೆ ಅದನ್ನು ಬರೆಯುತ್ತೇನೆ. ನೇರವಾಗಿ ಬರೆಯಲು ಕೈ ಬರುತ್ತಿಲ್ಲ, ಮೊದಲು ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ.

ಅಮ್ಮನ ಮಂಡಿನೋವು ಹಾಗೇ ಇದೆ. ಸ್ಕೂಲಿನ ಬಿಸಿಯೂಟದ ಅಡುಗೆಗೆ ಅವಳ ಬದಲು ಜೂನ್‌ನಿಂದ ನಾನೇ ಹೋಗುತ್ತಿದ್ದೇನೆ. ಇಪ್ಪತ್ತಮೂರು ಮಕ್ಕಳು. ಪಾತ್ರೆ ತೊಳೆದ ಮೇಲೆ ನಾಲ್ಕು ಮತ್ತು ಐದನೇ ಕ್ಲಾಸಿನವರು ಲೆಕ್ಕದ ಪುಸ್ತಕ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬರುತ್ತಾರೆ. ನಗಬೇಡ. ನಾನು ಅವರಿಗೆ ಲೆಕ್ಕ ಹೇಳಿಕೊಡುತ್ತೇನೆ. ಕೂಡುವುದು ಕಳೆಯುವುದು ಅವರಿಗೆ ನನಗಿಂತ ಬೇಗ ಬರುತ್ತದೆ. ಆದರೆ ಲೆಕ್ಕ ಮಾತಿನಲ್ಲಿ ಬಂದರೆ ಏನು ಮಾಡಬೇಕೋ ತಿಳಿಯುವುದಿಲ್ಲ. "ಇದ್ರಲ್ಲಿ ಏನ್ ಕೇಳ್ತಾವ್ರೆ ಅಕ್ಕಾ?" ಎಂದು ಅಡವಯ್ಯನವರ ಮೊಮ್ಮಗಳು ಶ್ರೀಲತಾ ಒಂದು ದಿನ ಕೇಳಿದಳು. ಬಸ್ಸಿನಲ್ಲಿ ನಲವತ್ತೆರಡು ಪ್ರಯಾಣಿಕರು, ಹದಿನೇಳು ಜನ ಇಳಿದರು, ಒಂಬತ್ತು ಜನ ಹತ್ತಿದರು, ಈಗ ಎಷ್ಟು ಜನ ಎಂದು ಪುಸ್ತಕದಲ್ಲಿತ್ತು. ನಾನು ಅವಳನ್ನು ಪಾವಗಡದ ಬಸ್ಸಿಗೆ ಹತ್ತಿಸಿದೆ. ಇಳಿಯುವವರನ್ನು ಇಳಿಸಿದೆ, ಹತ್ತುವವರನ್ನು ಹತ್ತಿಸಿದೆ.

"ಕಂಡಕ್ಟರ್ನೂ ಸೇರಿಸ್ಬೇಕಾ ಅಕ್ಕಾ?"

"ಅವ್ರು ಪ್ರಯಾಣಿಕರಲ್ಲ ಕಣಮ್ಮ."

"ಮತ್ತೆ ದಿನಾ ಅವ್ರೇ ತಾನೆ ಬಸ್ನಾಗಿರೋದು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ದಿನಾ ಬರುತ್ತಾರೆ.

ಹೋದ ತಿಂಗಳು ನವೀನ್ ಕುಮಾರ್ ಮೇಷ್ಟ್ರು ಕ್ಲಾಸಿನಲ್ಲಿ ಕೂಗಾಡುತ್ತಿದ್ದುದು ಅಡುಗೆಮನೆಗೆ ಕೇಳಿಸಿತು. ಮಧುಗಿರಿ ಕಡೆಯವರು, ಒಳ್ಳೆಯವರು, ಕೋಪ ಮಾತ್ರ ಬೇಗ. "ಒಬ್ಬ ರೈತನ ಬಳಿ 8 ಕುರಿಗಳೂ 5 ಮರಿಗಳೂ ಇವೆ. ಒಟ್ಟು ಎಷ್ಟು?" ಎಂದು ಪರೀಕ್ಷೆಯಲ್ಲಿ ಕೇಳಿದ್ದರಂತೆ. ನಮ್ಮ ಹಟ್ಟಿಯ ಮಕ್ಕಳೆಲ್ಲ ಎಂಟು ಎಂದು ಬರೆದಿದ್ದರು.

"ಒಬ್ಬನ್ನ ನೋಡಿ ಒಬ್ರು ಬರೆದಿದೀರೇನ್ರೋ? ಐದು ಮರಿ ಎಲ್ಲಿಗೆ ಹೋದ್ವು?"

"ಎಲ್ಲೂ ಹೋಗಿಲ್ಲ ಸಾರ್, ತಾಯಿ ತಾವೇ ಅವೆ."

"ಹಾಗಾದ್ರೆ ಎಣಿಸ್ಬೇಕಲ್ವೇನೋ?"

"ಯಾರಾದ್ರೂ ಮರಿ ಎಣಿಸ್ತಾರಾ ಸಾರ್?"

ಮೇಷ್ಟ್ರು ಹಣೆ ಚಚ್ಚಿಕೊಂಡು ಹೊರಗೆ ಬಂದರು. ನಾನು ಯಾರ ಮುಂದೆಯೂ ಬಾಯಿ ಬಿಡುವವಳಲ್ಲ, ನಿನಗೇ ಗೊತ್ತು. ಆದರೂ ಅವತ್ತು ಸೌಟು ಕೈಯಲ್ಲೇ ಹಿಡಿದುಕೊಂಡು ಹೋಗಿ ಹೇಳಿದೆ. ನಮ್ಮಲ್ಲಿ ಬೆಳಿಗ್ಗೆ ದೊಡ್ಡಿ ಬಾಗಿಲಲ್ಲಿ ಜೋಡಿ ಜೋಡಿ ಎಣಿಸಿ ಕುರಿ ಬಿಡುತ್ತಾರೆ. ಮೊದಲ ಸಲ ಉಣ್ಣೆ ಕತ್ತರಿಸುವವರೆಗೆ ಮರಿಗೆ ಬೇರೆ ಲೆಕ್ಕವಿಲ್ಲ, ಅದು ತಾಯಿಯ ಲೆಕ್ಕದಲ್ಲೇ ಸೇರಿರುತ್ತದೆ. ಎಣಿಸಿದರೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಮಕ್ಕಳು ಕಾಪಿ ಹೊಡೆದಿಲ್ಲ ಸಾರ್, ಕಂಡಿದ್ದನ್ನೇ ಬರೆದಿದ್ದಾರೆ ಎಂದೆ. ಮೇಷ್ಟ್ರು "ಇದು ನನ್ನ ಟ್ರೈನಿಂಗ್‌ನಲ್ಲಿ ಇರ್ಲಿಲ್ಲ ಕಣಮ್ಮ" ಎಂದರು. ಎಲ್ಲರಿಗೂ ಅರ್ಧ ಮಾರ್ಕು ಕೊಟ್ಟರು.

ಮಕ್ಕಳು ಕುಣಿದರು. ನಾನು ಒಳಗೆ ಬಂದು ಒಲೆಯ ಮುಂದೆ ಕೂತೆ. ಸೌಟು ಕೆಳಗಿಡುವುದನ್ನೇ ಮರೆತಿದ್ದೆ. ಯಾಕೆ ಎಂದು ನಿನಗೆ ತಿಳಿಯುತ್ತದೆ.

ಈಗ ಏನಾಗಿದೆ ಎಂದರೆ, ಇದೇ ಇಪ್ಪತ್ತಕ್ಕೆ ಹೊಸಕೋಟೆಯಲ್ಲಿ ಮಕ್ಕಳಿಗೆ ಲೆಕ್ಕದ ಸ್ಪರ್ಧೆ ಇದೆ. ಹನ್ನೊಂದು ಮಕ್ಕಳು ಹೋಗಬೇಕು. ಮೇಷ್ಟ್ರು ನನ್ನನ್ನು ಜೊತೆಗೆ ಕರೆಯುತ್ತಿದ್ದಾರೆ. "ಬಸ್ ಹತ್ತುವಾಗ, ಇಳಿಯುವಾಗ ನೀನು ಎಣಿಸ್ಕೊಂಡ್ರೆ ಸಾಕು. ನಿನ್ನ ಲೆಕ್ಕ ತಪ್ಪಲ್ಲ" ಎಂದರು. ಅಪ್ಪನೂ ನಾಲ್ಕು ವರ್ಷದ ಹಿಂದೆ ನನಗೆ ಇದೇ ಮಾತು ಹೇಳಿದ್ದರು. ನಾನು ಬರಲ್ಲ ಸಾರ್ ಎಂದುಬಿಟ್ಟೆ. ಯಾಕೆ ಎಂದು ಕೇಳಿದರು. ನಾನು ಪಾತ್ರೆ ತೊಳೆಯಲು ಹೋದೆ.

ಅಕ್ಕ, ಊಟಕ್ಕೆ ತಟ್ಟೆ ಜೋಡಿಸುವಾಗ ದಿನಾ ಒಂದು ತಟ್ಟೆ ಹೆಚ್ಚು ತೆಗೆಯುತ್ತೇನೆ. ಬೇಕೆಂದು ಅಲ್ಲ. ಎಣಿಸಿಯೇ ತೆಗೆದಿರುತ್ತೇನೆ, ಆದರೂ ಎಲ್ಲರೂ ಕೂತ ಮೇಲೆ ಸಾಲಿನ ಕೊನೆಯಲ್ಲಿ ಒಂದು ತಟ್ಟೆ ಖಾಲಿ ಉಳಿಯುತ್ತದೆ. ನಿನ್ನ ರಂಜಿ ಇದ್ದಿದ್ದರೆ ಈ ವರ್ಷ ಸ್ಕೂಲಿಗೆ ಸೇರುತ್ತಿದ್ದಳು. ಮಕ್ಕಳು ಲೆಕ್ಕ ಓದುವಾಗ "ಹಾಗಾದರೆ ಉಳಿದವರು ಎಷ್ಟು?" ಎಂಬ ಸಾಲು ಬಂದರೆ ನನಗೆ ಹಿಂದಿನಿಂದ ಸಣ್ಣ ಹೆಜ್ಜೆಯ ಸದ್ದು ಕೇಳಿಸುತ್ತದೆ. ಹಾಡುಹಗಲಲ್ಲೇ. ತಿರುಗಿ ನೋಡುವುದಿಲ್ಲ. ನೋಡದೆ ಇದ್ದರೆ ಅದು ನನ್ನ ಹತ್ತಿರವೇ ಬಂದು ನಿಂತುಕೊಳ್ಳುತ್ತದೆ.

ಅಮ್ಮ ಕಾರ್ತಿಕದಲ್ಲಿ ಸಿರಾಕ್ಕೆ ನಿನ್ನ ಮನೆಗೆ ಬಂದು ಹೋದಳಲ್ಲ, ನೀನು ಚಿಕ್ಕವನನ್ನು ಸೊಂಟಕ್ಕೆ ಸೀರೆಯಲ್ಲಿ ಕಟ್ಟಿಕೊಂಡೇ ಅಡುಗೆ ಮಾಡುತ್ತೀಯಂತೆ, ಬಟ್ಟೆ ಒಗೆಯುತ್ತೀಯಂತೆ. ಅಮ್ಮ ಎತ್ತಿಕೊಳ್ಳುತ್ತೇನೆ ಎಂದರೂ ಕೊಡಲಿಲ್ಲವಂತೆ. "ಒಂದನ್ನ ಮರೆತ್ ಬಂದೋಳು ನಾನು, ನಂಗೆ ನನ್ಮೇಲೇ ನಂಬಿಕೆ ಇಲ್ಲ" ಎಂದೆಯಂತೆ. ನಿನ್ನ ಅತ್ತೆ ಈಗಲೂ ಬಂದವರ ಮುಂದೆಲ್ಲ "ಹೆತ್ತೋಳೇ ಕೂಸು ಬುಟ್ಬಂದ್ಲು" ಅನ್ನುತ್ತಾರಂತೆ. ಅಮ್ಮ ಇದನ್ನು ಹೇಳುತ್ತಾ ಅತ್ತಳು. ಅದನ್ನು ಕೇಳಿದ ಮೇಲೆಯೇ ನಾನು ಮತ್ತೆ ಪೆನ್ನು ಹಿಡಿದದ್ದು.

ಅವತ್ತಿನದು ನಿನಗೆ ಗೊತ್ತಿರುವುದೇ. ಆದರೂ ನನ್ನ ಕಡೆಯಿಂದ ಬರೆಯುತ್ತೇನೆ. ಕೊರೊನಾ ಎಂದು ಸ್ಕೂಲಿಗೆ ಬೀಗ ಹಾಕಿದ್ದ ವರ್ಷ. ಚನ್ನಮಲ್ಲಯ್ಯನವರ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದೆವು. ಮಕ್ಕಳೆಲ್ಲ ಹೊಲದಲ್ಲೇ ಇದ್ದರು, ನೋಡಿಕೊಳ್ಳಲು ನನ್ನನ್ನು ಬಿಟ್ಟಿದ್ದರು. ನೀನು ರಂಜಿಗೆ ಹಾಲು ಕೊಟ್ಟು ಹೊಂಗೆ ಮರದ ಕೆಳಗೆ ಮಲಗಿಸಿ ಸಾಲಿಗೆ ಹೋದೆ. ಸಂಜೆ ಟ್ರ್ಯಾಕ್ಟರ್ ಟ್ರೈಲರ್ ಹತ್ತುವಾಗ ಮರದ ಕೆಳಗೆ ಬರಿದಾಗಿತ್ತು. ರಂಜಿಯನ್ನು ನಾನು ಎತ್ತಿಕೊಂಡಿದ್ದೇನೆ ಎಂದುಕೊಂಡು ನೀನು ಟ್ರೈಲರಿನ ಮುಂದಿನಿಂದ ಕೂಗಿ ಕೇಳಿದೆ, "ಗಂಗೂ, ಮಕ್ಳೆಲ್ಲ ಅವ್ರಾ?" ನಾನು ಅಪ್ಪ ಎಣಿಸುವ ಹಾಗೆಯೇ ಎಣಿಸಿದೆ. ನಾಲ್ಕು ಜೋಡಿ, ಒಂದು ಒಂಟಿ. ಒಂಬತ್ತು. "ಎಲ್ಲಾ ಅವ್ರೆ ಅಕ್ಕಾ" ಎಂದೆ. ರಂಜಿ ಮಡಿಲ ಕೂಸು, ನಿನ್ನ ಲೆಕ್ಕ. ನಾನು ಅವಳನ್ನು ಎಣಿಸಲಿಲ್ಲ.

ಹಟ್ಟಿಗೆ ಬಂದು ಇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದೆವು. ಹೊಲಕ್ಕೆ ಓಡಿ ಹೋದಾಗ ಅವಳು ಅಲ್ಲಿಯ ಕೃಷಿ ಹೊಂಡದಲ್ಲಿದ್ದಳು. ಹೊಂಡಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ದೊಡ್ಡವರಿಗೇ ಜಾರುತ್ತಿತ್ತು. ಅವತ್ತು ಎಲ್ಲರೂ ಸೇರಿ ಲೆಕ್ಕ ಹಾಕಿದರು. ಕೆಲಸದ ಹೊತ್ತಿನಲ್ಲೇ ಕೂಸು ಎದ್ದು ನಡೆದುಹೋಗಿದೆ, ತಾಯಿ ತಿರುಗಿ ನೋಡಿಲ್ಲ ಎಂದರು. ನನ್ನನ್ನು ಒಬ್ಬರೂ ಬೈಯಲಿಲ್ಲ. "ನಿನ್ ಲೆಕ್ಕ ಸರಿಯಾಗೇ ಐತೆ ಕಣಮ್ಮ, ಮಡಿಲ್ ಕೂಸ್ನ ಯಾರ್ ಎಣಿಸ್ತಾರೆ" ಎಂದು ಅಪ್ಪ ನನ್ನ ತಲೆ ಸವರಿದರು. ಆ ಕೈ ಈಗಲೂ ನನ್ನ ತಲೆಯ ಮೇಲೆಯೇ ಇದೆ ಅಕ್ಕ. ಎಷ್ಟು ಸಲ ಸ್ನಾನ ಮಾಡಿದರೂ ಹೋಗಿಲ್ಲ.

ಅಪ್ಪ ಚೆನ್ನಾಗಿದ್ದಾರೆ. ಈ ಸಲ ಮಳೆ ಪರವಾಗಿಲ್ಲ, ಮೇವಿದೆ. ಭಾವನಿಗೆ ನಮಸ್ಕಾರ ತಿಳಿಸು. ಚಿಕ್ಕವನು ನೂರು ವರ್ಷ ಬಾಳಲಿ, ಅವನ ಪಾದಕ್ಕೆ ನನ್ನ ಮುತ್ತು. ನಿನಗೆ ನಿದ್ದೆ ಬರಲಿ ಎಂದು ದೇವರಲ್ಲಿ ಕೇಳಿಕೊಳ್ಳುತ್ತೇನೆ. ಕಾಗದ ಓದಿದ ಮೇಲೆ ನನ್ನ ಜೊತೆ ಮಾತು ಬಿಟ್ಟರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಇಂತಿ ನಿನ್ನ ತಂಗಿ,
ಗಂಗಾಲಕ್ಷ್ಮಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ಒಂದು ರಾತ್ರಿ ಕಳೆದ ಮೇಲೆ ಬರೆಯುತ್ತಿದ್ದೇನೆ.

ರಂಜಿ ಹೊಂಗೆ ಮರದ ಕೆಳಗಿಂದ ಎದ್ದು ಹೋಗಲಿಲ್ಲ. ಮೂರು ಗಂಟೆಗೆ ನೆರಳು ಸರಿದು ಅವಳ ಮುಖಕ್ಕೆ ಬಿಸಿಲು ಬಿತ್ತು. ನಾನೇ ಎತ್ತಿಕೊಂಡು ಹೋಗಿ ಕಿತ್ತು ಒಟ್ಟಿದ್ದ ಕಡಲೆಬಳ್ಳಿಯ ಮೆದೆಯ ಹಿಂದೆ ಮಲಗಿಸಿದೆ. ನಿನಗೆ ಹೇಳಲಿಲ್ಲ, ಆಮೇಲೆ ಮಕ್ಕಳ ಜಗಳ ಬಿಡಿಸುವುದರಲ್ಲಿ ಮರೆತೆ. ನಾವು ಹೊರಟಾಗ ಅವಳು ಅಲ್ಲೇ ನಿದ್ದೆಯಲ್ಲಿದ್ದಿರಬೇಕು. ಟ್ರ್ಯಾಕ್ಟರ್ ಸದ್ದಿಗೆ ಎದ್ದಳೋ ಏನೋ. ನೀನು ಅವಳನ್ನು ಮರೆತು ಬರಲಿಲ್ಲ ಅಕ್ಕ. ನೀನು ಮಲಗಿಸಿದ ಜಾಗವನ್ನು ನೋಡಿದೆ, ನನ್ನನ್ನು ಕೇಳಿದೆ. ಅದಕ್ಕಿಂತ ಇನ್ನೇನು ಮಾಡಬೇಕಿತ್ತು? ಇದನ್ನು ಭಾವನಿಗೂ ನಿನ್ನ ಅತ್ತೆಗೂ ಓದಿ ಹೇಳು.

ಇವತ್ತು ಬೆಳಿಗ್ಗೆ ಅಮ್ಮ ಒಲೆ ಹಚ್ಚುವ ಮೊದಲೇ ಅವಳ ಎದುರು ಕೂತು ಇದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಒಂದೇ ಮಾತು ಕೇಳಿದಳು.

"ಮೆದೆಗೆ ಯಾವ್ ಕಡೀಕೆ ಮಲಗಿಸಿದ್ದೆ?"

"ಹೊಂಡದ್ ಕಡೀಕೆ" ಎಂದೆ.

ಬೆಂಕಿಪೊಟ್ಟಣ ಅವಳ ಕೈಯಲ್ಲೇ ಇತ್ತು. ನಾನು ತೆಗೆದುಕೊಂಡು ಒಲೆ ಹಚ್ಚಿ, ನೀರಿಟ್ಟೆ.