ಗಂಜಳ ಕುಡಿದ ಇದ್ದಲಿ

ಯಂಕಂಚಿ
೧೨-೧-೧೯೫೯

ಶೇವಂತಿ,

ಹೆಂಡತಿಗೆ ಬರೆಯುವಾಗ ಮೊದಲು ಆಶೀರ್ವಾದ ಬರೆಯಬೇಕಂತೆ. ಆಶೀರ್ವದಿಸುವಷ್ಟು ದೊಡ್ಡವನಾಗಿ ನಾನು ಉಳಿದಿಲ್ಲ, ಅದಕ್ಕೇ ಬರೀ ಹೆಸರು ಹಿಡಿದು ಕರೆದಿದ್ದೇನೆ. ನಾನು ಆರಾಮ ಇದ್ದೇನೆ. ಎತ್ತುಗಳೂ ಆರಾಮ.

ಹಳ್ಳದ ದಂಡೆಯ ಹೊಲದಲ್ಲಿ ಈ ಸಲ ಬಿಳಿಜೋಳ ಆಳುದ್ದ ನಿಂತಿದೆ. ಹೋದ ಸಲ ಅದೇ ಹೊಲ ಹಳದಿಯಾಗಿ ಬಿದ್ದಿತ್ತು. ನೀನು ವರ್ಷದ ಒಲೆಗೆಂದು ಕೂಡಿಟ್ಟ ತೊಗರಿ ಕಟ್ಟಿಗೆಯನ್ನೆಲ್ಲ ನಾನು ಕುಣಿ ತೋಡಿ ಹಾಕಿ ಸುಟ್ಟು, ಬೂದಿಯಾಗುವ ಮೊದಲೇ ಮಣ್ಣು ಮುಚ್ಚಿ ಇದ್ದಲಿ ಮಾಡಿ, ಕುಟ್ಟಿ, ಒಣ ಪುಡಿಯನ್ನೇ ನೆಲಕ್ಕೆ ಚೆಲ್ಲಿದ್ದೆ. ಹಳೇ ಇದ್ದಲಿ ಭಟ್ಟಿಯ ಜಾಗದಲ್ಲಿ ಪೈರು ಕಪ್ಪು ಹಸಿರಾಗಿ ಬರುವುದನ್ನು ನೋಡಿದ್ದೆನಲ್ಲ, ಅಷ್ಟೇ ನನ್ನ ಪಾಂಡಿತ್ಯ. ನೀನು ಆಗಲೇ ಹೇಳಿದ್ದೆ: “ಒಣ ಇದ್ದಲಿ ಹಸದಿರತೈತ್ರಿ. ಮೊದಲ ಎತ್ತಿನ ಕಾಲಾಗ ಹಾಸಿ ಗಂಜಳ ಕುಡಸ್ರಿ. ಇಲ್ಲಾಂದ್ರ ಪೈರಿನ ಬಾಯಾಗಿನ ತುತ್ತು ಕಸಗೋತೈತಿ.” ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಅದು ಹೇಗೆ ಕೇಳಬೇಕು?

ಆಮೇಲೆ ಕಣದಲ್ಲಿ ಹತ್ತು ಜನರ ಎದುರು, ರಾಶಿ ಬಾರದ್ದಕ್ಕೆ ನಿನ್ನ ಕಾಲ್ಗುಣವೇ ಕಾರಣ ಅಂದೆ. ಬಾಯಿಂದ ಬಂದ ಕೂಡಲೇ ಸುಳ್ಳೆಂದು ಗೊತ್ತಿತ್ತು. ನೀನು ತಲೆಯ ಮೇಲಿನ ಬುಟ್ಟಿ ಇಳಿಸಿ ಲಚ್ಯಾಣದ ತವರಿನ ಹಾದಿ ಹಿಡಿದೆ. ನಾನು ಕರೆಯಲಿಲ್ಲ. ಹತ್ತು ತಿಂಗಳಾಯಿತು.

ಹೋದ ಬೇಸಿಗೆಯಲ್ಲಿ ಮತ್ತೆ ಇದ್ದಲಿ ಮಾಡಿದೆ, ನೀನು ಹೇಳಿದ ಹಾಗೆಯೇ. ಮಳೆಗಾಲವೆಲ್ಲ ಎತ್ತಿನ ಕಾಲ ಕೆಳಗೆ ಹಾಸಿ, ಸಗಣಿ ಗಂಜಳ ಕುಡಿದು ಭಾರವಾದ ಮೇಲೆ ಬಿತ್ತುವ ಮುಂಚೆ ಹೊಲಕ್ಕೆ ಹೊಡೆದೆ. ಪಕ್ಕದ ಹೊಲದ ಚಮನಸಾಬ ಪೈರು ನೋಡಿ, ಇದನ್ನು ಯಾರು ಕಲಿಸಿದರೆಂದು ಕೇಳಿದ. ನನ್ನದೇ ತಲೆ ಎಂದೆ. ಹೊಗಳಿ ಹೋದ. ಆ ಹೊಗಳಿಕೆ ಹೊತ್ತು ಮನೆಗೆ ಬಂದರೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ನಿನ್ನೆ ಹಾಲುತೆನೆ ಸುಟ್ಟು ಸೀತನಿ ಮಾಡಿದೆ. ಅದು ಒಬ್ಬನೇ ಕೂತು ತಿನ್ನುವಂಥದ್ದಲ್ಲ, ಶೇವಂತಿ. ಎರಡು ತೆನೆ ತಿಕ್ಕಿ ಕಾಳು ತಿಂದು, ಉಳಿದದ್ದನ್ನು ಎತ್ತಿಗೆ ಹಾಕಿದೆ. ಮನೆ ಬಿಕೋ ಅನ್ನುತ್ತದೆ. ನೀನು ಬೇಕು.

ನಿನ್ನ
ಅಮಸಿದ್ದ

ತಾ. ಕ.: ಕಾಗದ ಮುಗಿಸಿದ ಮೇಲೆ ಕೂಡಲೇ ಟಪಾಲಿಗೆ ಹಾಕಲು ಮನಸ್ಸಾಗಲಿಲ್ಲ. ಅಂದದ್ದು ಹತ್ತು ಜನರ ಎದುರು, ತಪ್ಪೊಪ್ಪಿಕೊಳ್ಳುವುದು ಲಕೋಟೆಯೊಳಗೆ, ಇದೆಂಥ ನ್ಯಾಯ? ಅವತ್ತು ಕಣದಲ್ಲಿದ್ದವರನ್ನೆಲ್ಲ ಚಾವಡಿಗೆ ಕರೆದು, ಮೊದಲಿನಿಂದ ಕೊನೆಯವರೆಗೆ ಓದಿದೆ. ‘ನೀನು ಬೇಕು’ ಎಂಬುದನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ. ಚಮನಸಾಬ ಮಾತ್ರ, “ತಂಗಿ ಬರತಾಳೇನು?” ಅಂದ. ಗೊತ್ತಿಲ್ಲ ಅಂದೆ. ನೀನು ಬಾರದಿದ್ದರೂ ಓದಿದ್ದು ಓದಿದ್ದೇ.