ಕೌಸಲ್ಯೆಯ ಕಣ್ಣು

ಶಿಗ್ಗಾಂವ, ೧೨ ಮಾರ್ಚ್ ೧೯೩೪, ಸೋಮವಾರ

ಕರೆವ್ವನ ಮುಖ ರಾಮದೇವರ ಗುಡಿಯೊಳಗೆ ಹೋಗಬಹುದಂತೆ, ಕರೆವ್ವ ಹೋಗಬಾರದಂತೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಗುಡಿಯ ಗೋಡೆಯ ಮೇಲೆ ನಾನು ಬರೆಯಬೇಕಾದ ಕೌಸಲ್ಯೆಗಾಗಿ ಒಂದು ವಾರದಿಂದ ಹರಿಜನಕೇರಿಯಲ್ಲಿ ಕೂತು ಅವಳ ಮುಖವನ್ನು ಪೆನ್ಸಿಲಿನಲ್ಲಿ ತೆಗೆಯುತ್ತಿದ್ದೇನೆ. ಕಣ್ಣು ಮಾತ್ರ ಖಾಲಿ. ಕಣ್ಣನ್ನು ಹಾಳೆಯಿಂದ ನಕಲು ಮಾಡಬಾರದು, ಎದುರಿಗೆ ಕೂತ ಮುಖ ನೋಡಿ ಗೋಡೆಯ ಮೇಲೆಯೇ ತೆರೆಯಬೇಕು ಎಂಬುದು ನನಗೆ ಚಿತ್ರ ಕಲಿಸಿದ ಗುರುಗಳ ಪದ್ಧತಿ, ಗುಡಿಯ ಪಂಚರೂ ಒಪ್ಪಿದ ಪದ್ಧತಿ.

"ಯಪ್ಪಾ, ನನ್ನ ಕುರುಡಿ ಮಾಡೀರಲ್ರೀ!" ಎಂದು ಕರೆವ್ವ ನಕ್ಕಿದ್ದಳು.

ಇವತ್ತು ಗುಡಿಯ ಪಂಚರಾದ ನಮ್ಮ ಮಧ್ವೇಶ ಕಾಕಾ ಅದೇ ಹಾಳೆಗೆ ಕೈಮುಗಿದರು! "ಸಾಕ್ಷಾತ್ ಕೌಸಲ್ಯಾ ಅದಾಳ. ಯಾರ ಮನಿ ಹೆಣ್ಣಮಗಳೊ?"

ಹೇಳಿದೆ. ಮುಗಿದ ಕೈ ಬಿಡಿಸಲು ಅವರಿಗೆ ಹೊತ್ತು ಹಿಡಿಯಿತು.

"ಹಾಳಿ ಇರ್ಲಿ. ಆಕಿ ಬರೂದು ಬ್ಯಾಡ."

"ಹಂಗಾರ ಕಣ್ಣು ಯಾರನ್ನ ನೋಡಿ ತೆರೀಲಿ? ಕುರುಡಿ ಕೌಸಲ್ಯಾಗ ಆರತಿ ಮಾಡ್ತೀರೇನು?"

"ಗುಡಿ ಪ್ರವೇಶದ ಹಸ್ತಪತ್ರಿಕೆ ಓದಿ ತಲಿ ಕೆಡಿಸ್ಕೊಂಡಿ ನೀ."

"ಇದು ಹಸ್ತಪತ್ರಿಕೆಯೊಳಗ ಇಲ್ಲ ಕಾಕಾ, ನಿಮ್ಮ ಪದ್ಧತಿಯೊಳಗನ ಅದ."

ಕಾಕಾ ಮಾತಿಗೆ ಸಿಕ್ಕಿಬಿದ್ದರು! ಕೊನೆಗೆ ಪಿಸುಗುಟ್ಟಿದರು: "ಊರು ಏಳೂದ್ರೊಳಗ ಹಿತ್ತಲಬಾಗಲದಿಂದ ಕರಕೊಂಡು ಬಾ."

ಸಂಜೆ ಓಡಿಹೋಗಿ ಕರೆವ್ವನಿಗೆ ಹೇಳಿದೆ. ಅವಳು ಕೇಳಿದ ಒಂದೇ ಮಾತಿಗೆ ನನ್ನ ಓದೆಲ್ಲ ಸಣ್ಣದಾಯಿತು: "ಕೌಸಲ್ಯಾ ಏನು ಕಳ್ಳಿ ಏನ್ರಿ, ಹಿತ್ತಲದಿಂದ ಬರಾಕ?"

ಗೋಡೆಯ ಮೇಲೆ ಮುಖ ಇಳಿಸಲು ಮೂರು ಪೆನ್ಸಿಲ್ ಹೆರೆದಿಟ್ಟಿದ್ದೇನೆ. ನಿದ್ದೆ ಎಲ್ಲಿಯದು! ಕಾಕಾಗೆ ನಾಳೆಯೇ ಹೇಳುತ್ತೇನೆ. ಕರೆವ್ವ ಬರುವುದು ಗುರುವಾರ, ಮುಂಜಾನೆ ಎಂಟು ಗಂಟೆಗೆ, ಮುಂಬಾಗಿಲಿನಿಂದ.