ಟಗರಿಗೆ ಕಟ್ಟದ ನಾಯಿ

ಹೋರ್ನವೀಕ್, ಫೆರೋ ದ್ವೀಪಗಳು
ಜುಲೈ 8

ಪ್ರೀತಿಯ ಸಾಮಲ್,

ನಿನ್ನ ಕಾಗದಗಳೆಲ್ಲ ಬಂದಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಬೆನ್ನಿನ ಹೊಲಿಗೆ ಮಾಗಿದೆ, ಕೋಲು ಹಿಡಿದು ಕಿಟಕಿಯ ತನಕ ನಡೆದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಕೊಪನ್‌ಹೇಗನ್ನಿನ ಆಸ್ಪತ್ರೆಯವರು ಸತ್ತ ಮೀನನ್ನು ಬೇಯಿಸಿ ಮತ್ತೊಮ್ಮೆ ಕೊಲ್ಲುತ್ತಾರೆ ಎಂದು ಬೈದಿದ್ದಕ್ಕೆ ನಕ್ಕೆ. ಪಕ್ಕದ ಮನೆಯ ಬಿಲ್ಲಾ ಅಜ್ಜಿಗೂ ಓದಿ ಹೇಳಿದೆ. "ಬಯ್ಯೋಕೆ ಶುರು ಮಾಡಿದ್ನಾ ನಿನ್ನ ಗಂಡ? ಹಾಗಾದ್ರೆ ಗುಣ ಆದ ಬಿಡು" ಅಂದಳು.

ಇಲ್ಲಿ ದೋಣಿಗೆ ಟಾರು ಬಳಿಸಿದ್ದೇನೆ. ಮನೆಯ ಮಾಡಿನ ಮೇಲೆ ಹಾಸಿದ ಹುಲ್ಲು ಚೆನ್ನಾಗಿ ಬೆಳೆದಿದೆ. ಇವೆಲ್ಲ ನೀನು ಕೇಳದ ವಿಷಯಗಳು. ನೀನು ಪ್ರತಿ ಕಾಗದದಲ್ಲೂ ಕೇಳಿದ್ದು, "ಸ್ಕುಗ್ಗಿ ಹೇಗಿದ್ದಾನೆ?" ಎಂದು. ಉತ್ತರ ತಡವಾಗಿದ್ದೇ ಅದರಿಂದ. ನಿನ್ನೆಯ ತನಕ ನಿನ್ನ ನಾಯಿ ಉಳಿಯುತ್ತದೋ ಇಲ್ಲವೋ ನನಗೇ ತಿಳಿದಿರಲಿಲ್ಲ. ಮೊದಲಿನಿಂದ ಹೇಳುತ್ತೇನೆ. ಪುಟ ಹಾರಿಸಬೇಡ.

ಮೇ ತಿಂಗಳಲ್ಲಿ, ಕುರಿಗಳು ಮರಿ ಹಾಕಿದ್ದ ಹೊತ್ತಿನಲ್ಲಿ, ಅವನು ಕೊರಳಪಟ್ಟಿಯಿಂದ ತಲೆ ಜಾರಿಸಿಕೊಂಡು ಗುಡ್ಡ ಹತ್ತಿದ. ಹಾನುಸನ ಕುರಿಯೊಂದನ್ನು ಅಟ್ಟಿದ. ಅದು ಕಡಲ ಕಡೆಯ ಪ್ರಪಾತದ ಅಂಚಿಗೆ ಓಡಿತು. ಆಮೇಲೆ ಅಂಚಿನಲ್ಲಿ ಕುರಿ ಇರಲಿಲ್ಲ. ಮರಿಯೊಂದು ಮೇಲೆ ನಿಂತು ಅರಚುತ್ತಿತ್ತು. ಸ್ಕುಗ್ಗಿ ಬಾಯಿ ಹಾಕಿರಲಿಲ್ಲ. ಆದರೆ ಕುರಿ ಅಟ್ಟಿದ ನಾಯಿಯ ಪರ ನಮ್ಮ ದ್ವೀಪದಲ್ಲಿ ಯಾರು ಮಾತಾಡುತ್ತಾರೆ?

ಕುರಿ ಸಾಕಿದ ಮನೆಗಳವರೆಲ್ಲ ಶಾಲೆಯ ಕೋಣೆಯಲ್ಲಿ ಸಭೆ ಸೇರಿದರು. ಅಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಅದೇ ಕೋಣೆಯಲ್ಲಿ ಅಕ್ಷರ ಕಲಿಸಿದವಳು ನಾನು. ಈ ವರ್ಷ ಸಭೆಯ ಯಜಮಾನ ಹಾನುಸನೇ, ಗೊತ್ತಲ್ಲ.

"ಟೀಚರ್, ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ನಾಯಿ ಕೊಟ್ಬಿಡಿ. ಒಂದೇ ಗುಂಡು, ನೋವಾಗಲ್ಲ."

"ಯಾರಿಗೆ?" ಎಂದೆ.

ಹಿಂದಿನ ಬೆಂಚಿನಿಂದ ಯಾರೋ ದಯೆ ತೋರಿಸಿದರು: "ಗುಂಡು ಯಾಕ್ರೋ? ಹಿಂದೆ ಮಾಡ್ತಿದ್ದ ಹಾಗೆ ಟಗರಿಗೆ ಕಟ್ಟಿ ದೊಡ್ಡಿಗೆ ಹಾಕಿ. ನಾಲ್ಕು ಗುದ್ದು ತಿಂದ್ರೆ ಜನ್ಮದಲ್ಲಿ ಕುರಿ ಮುಖ ನೋಡಲ್ಲ." ಎಲ್ಲರೂ ಒಳ್ಳೆಯ ಮಾತು ಕೇಳಿದವರಂತೆ ತಲೆದೂಗಿದರು.

ಆಗ ನನಗೆ ಮೈಯೆಲ್ಲ ಉರಿಯಿತು. ಹಾಗೆ ಕಟ್ಟಿದ್ದನ್ನು ಕಂಡವರು ಆ ಕೋಣೆಯಲ್ಲಿ ನಾನು ಮತ್ತು ಬಿಲ್ಲಾ ಇಬ್ಬರೇ. ನಾನು ಎರಡನೇ ತರಗತಿಯಲ್ಲಿದ್ದಾಗ ಅಪ್ಪನ ನಾಯಿಯನ್ನು ಟಗರಿನ ಕೊರಳಿಗೆ ಗಿಡ್ಡ ಹಗ್ಗದಲ್ಲಿ ಕಟ್ಟಿ ಕಲ್ಲಿನ ದೊಡ್ಡಿಯೊಳಗೆ ಬಿಟ್ಟಿದ್ದರು. ಗಂಡಸರು ಗೋಡೆಗೆ ಒರಗಿ ಪೈಪು ಸೇದುತ್ತಿದ್ದರು. ನಾಯಿ ಜೀವಂತವಾಗಿಯೇ ಹೊರಗೆ ಬಂತು. ಆಮೇಲೆ ಕುರಿಗಳ ಕಡೆ ನೋಡಲಿಲ್ಲ, ನಿಜ. ಯಾರ ಕಡೆಗೂ ನೋಡಲಿಲ್ಲ. ನಾನು ತಟ್ಟೆ ಹಿಡಿದು ಹೋದರೂ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಊರಿನವರು ಅದಕ್ಕೆ "ಬುದ್ಧಿ ಬಂತು" ಎಂದರು. ಸಭೆಯಲ್ಲಿ ಎದ್ದು ನಿಂತು ಇಷ್ಟನ್ನೂ ಹೇಳಿದೆ.

"ನಮ್ಮ ಹಿರಿಯರು ಸುಮ್ಮನೆ ನಾಯಿಪತ್ರ ಬರೆದಿಟ್ರಾ?" ಎಂದ ಹಾನುಸ್.

"ನಾಯಿಪತ್ರ ಓದಿದ್ದೀಯೇನೋ? ಯಾವ ಊರಲ್ಲಿ ಎಷ್ಟು ನಾಯಿ ಇರಬಹುದು ಅಂತ ಎಣಿಸಿಟ್ಟ ಆರುನೂರು ವರ್ಷದ ಹಳೇ ಕಟ್ಟಳೆ ಅದು. ಅದರಲ್ಲಿ ಟಗರಿನ ಮಾತಿಲ್ಲ. ನಾನು ಅದನ್ನ ಪಾಠ ಮಾಡಿದ ದಿನ ನೀನು ಕಿಟಕಿ ಹೊರಗೆ ನೋಡ್ತಾ ಕೂತಿದ್ದೆ."

ನಕ್ಕರು. ನಗು ಸಿಕ್ಕಿತು, ಮಾಫಿ ಸಿಗಲಿಲ್ಲ. ಉಣ್ಣೆ ಕತ್ತರಿಸಲು ಕುರಿಗಳನ್ನು ಗುಡ್ಡದಿಂದ ಇಳಿಸುವ ದಿನ, ದೊಡ್ಡಿಯ ಬಾಯಲ್ಲಿ, ಸ್ಕುಗ್ಗಿಯನ್ನು ಹಗ್ಗ ಬಿಚ್ಚಿ ನಿಲ್ಲಿಸಬೇಕು. ಒಂದೇ ಒಂದು ಕುರಿಯ ಹಿಂದೆ ಹೋದರೂ ಹಾನುಸ್ ಅಲ್ಲೇ ಗುಂಡು ಹೊಡೆಯುತ್ತಾನೆ. ಸಭೆ ಹಾಗೆ ತೀರ್ಮಾನಿಸಿತು. ನಾನು ಒಪ್ಪಿದೆ.

ತೋರ್ಸ್‌ಹಾವ್ನ್‌ನಿಂದ ಬಿರಿತಾ ಎಂಬ ಹೆಂಗಸನ್ನು ಕರೆಸಿದೆ. ನಾಯಿಗಳನ್ನು ಹೊಡೆಯದೆ ತಿದ್ದುವುದೇ ಅವಳ ಕೆಲಸ. ಅಂಗಳದಲ್ಲೇ ಅರ್ಧ ದಿನ ಮಾತಾಡಿದಳು, ಕಾಫಿ ಆರಿಹೋಯಿತು. ಅವಳು ಕಲಿಸಿದ್ದು ಕೇಳಿದರೆ ನಗುತ್ತೀಯ. ಉದ್ದ ಹಗ್ಗ. ಕುರಿಗಳು ಬಿಳಿ ಚುಕ್ಕಿಯಂತೆ ಕಾಣುವಷ್ಟು ದೂರ. ಅವನು ನೋಡಲಿ. ಎಳೆಯಬೇಡ, ಗದರಬೇಡ. ನೋಡಿ ತಾನಾಗಿ ನನ್ನ ಕಡೆ ತಿರುಗಿದನೋ, ಆ ಕ್ಷಣಕ್ಕೆ ಬಾಯಿಗೆ ತುಂಡು. ಮಾರನೇ ದಿನ ಸ್ವಲ್ಪ ಹತ್ತಿರ. ಅವನು ಬಿಗಿಯಾದರೆ ಮತ್ತೆ ಹಿಂದಕ್ಕೆ.

ಮೊದಲ ವಾರ ಮನೆಯಲ್ಲಿದ್ದ ಒಣಗಿದ ಕುರಿಮಾಂಸವನ್ನೇ ತುಂಡು ಮಾಡಿ ಕೊಟ್ಟೆ. ಬಿಲ್ಲಾ ಬೇಲಿಯ ಮೇಲಿಂದ ನೋಡಿದಳು. "ಅಲ್ಲ ಹೆಣ್ಣೇ, ಕುರಿ ತಂಟೆಗೆ ಹೋಗ್ಬೇಡ ಅಂತ ಕುರೀನೇ ತಿನ್ನಿಸ್ತಿದ್ದೀಯಲ್ಲ! ನಿಮ್ಮ ಪುಸ್ತಕದಲ್ಲಿ ಹಾಗೇ ಇದೆಯೋ?" ಸಂಜೆಯೊಳಗೆ ಊರೆಲ್ಲ ಹಬ್ಬಿತು. ಅಂಗಡಿಯಲ್ಲಿ ನನ್ನನ್ನು ಕಂಡು "ಮ್ಯಾ" ಎಂದರು. ಮಾರನೇ ದಿನದಿಂದ ಒಣಮೀನು.

ಅವನು ಕಲಿಯುತ್ತಿದ್ದ. ಹೆದರಿಕೆ ನನ್ನದೇ ಇತ್ತು. ಕುರಿಯೊಂದು ತಲೆಯೆತ್ತಿದರೆ ಸಾಕು, ಹಗ್ಗವನ್ನು ಬಿಗಿ ಹಿಡಿಯುತ್ತಿದ್ದೆ. ಆ ಬಿಗಿ ಹಗ್ಗದಲ್ಲಿ ಇಳಿದು ಅವನ ಕೊರಳು ಮುಟ್ಟುತ್ತಿತ್ತು. ಗುಡ್ಡದಲ್ಲಿ ಯಾರದಾದರೂ ಹೆಗಲ ಮೇಲೆ ಕೋಲು ಕಂಡರೂ ಕೋವಿಯಂತೆ ಕಾಣುತ್ತಿತ್ತು. ಪ್ರತಿದಿನ ಬಾಗಿಲು ತೆರೆಯುವ ಮುಂಚೆ ಅವನ ಮೂತಿಯನ್ನು ಹಿಡಿದು ನೋಡುತ್ತಿದ್ದೆ. ಅವನಿಗೆ ಏನೂ ಗೊತ್ತಿಲ್ಲವಲ್ಲ ಎಂಬುದೇ ನನ್ನನ್ನು ಹಣ್ಣು ಮಾಡಿತು.

ಜೂನ್ ನಡುವಿನಲ್ಲಿ ಎಲ್ಲ ಕೆಟ್ಟಿತು. ಕುರಿಗಳಿಗೆ ಕಲ್ಲೆಸೆಯುವಷ್ಟು ಹತ್ತಿರ ಕೂತಿದ್ದೆವು, ಅವನು ಆಕಳಿಸುತ್ತಿದ್ದ. ಕೆಳಗಿನ ದಾರಿಯಲ್ಲಿ ಹಾನುಸ್ ಯಾರಿಗೋ ಗಟ್ಟಿಯಾಗಿ ಕೂಗಿದ. ಅಷ್ಟೇ, ಸ್ಕುಗ್ಗಿ ಹಾರಿದ, ನೇರ ಕುರಿಗಳ ನಡುವಿಗೆ. ಹಗ್ಗ ನನ್ನ ಅಂಗೈ ಸುಲಿಯಿತು. ಬಿಡಲಿಲ್ಲ. ಮೊಣಕಾಲ ಮೇಲೆ ಬಿದ್ದರೂ ಬಿಡಲಿಲ್ಲ.

ಬಿರಿತಾ ಆ ದಿನ ಮತ್ತೆ ಬಂದಿದ್ದಳು, ಎಲ್ಲ ನೋಡಿದ್ದಳು. "ಕುರಿ ಕಂಡು ಓಡಿದ್ದಲ್ಲ ಇವನು. ಕೂಗು ಕೇಳಿ ಓಡಿದ್ದು. ಕೂಗು ಕೇಳಿದ್ರೆ ಇವನಿಗೆ ನಿಂತಲ್ಲಿ ನಿಲ್ಲೋಕಾಗಲ್ಲ. ಎದುರಿಗೆ ಓಡೋದು ಏನಿದ್ರೂ ಅದರ ಹಿಂದೆ ಓಡ್ತಾನೆ."

ಆಮೇಲೆ ಕುರಿ ಬಿಟ್ಟು ಕೂಗಿನ ಪಾಠ. ದೂರದಿಂದ ಮೆಲ್ಲನೆ ಒಂದು ಕೂಗು, ಇಲ್ಲಿ ಒಂದು ತುಂಡು ಮೀನು. ದಿನದಿನಕ್ಕೆ ಗಟ್ಟಿ. ಕೂಗಲು ಜನ ಬೇಕಲ್ಲ? ಬಿಲ್ಲಾ ತಾನೇ ಬಂದಳು. "ಬಯ್ಯೋ ಕೆಲಸಾನಾ? ಅರವತ್ತು ವರ್ಷದಿಂದ ಪುಕ್ಕಟೆ ಮಾಡ್ತಿದ್ದೀನಿ, ಕೊಡು ಇಲ್ಲಿ." ಬೇಲಿಯಾಚೆ ನಿಂತು ಪಾದ್ರಿಯಿಂದ ಹಿಡಿದು ಸರ್ಕಾರದ ತನಕ ಎಲ್ಲರನ್ನೂ ಬೈದಳು. ಸ್ಕುಗ್ಗಿ ಮೊದಮೊದಲು ಹೊಟ್ಟೆ ನೆಲಕ್ಕೆ ಹಚ್ಚಿ ಮಲಗುತ್ತಿದ್ದ. ಬರಬರುತ್ತ, ಕೂಗು ಕೇಳಿದರೆ ನನ್ನ ಕಡೆ ನೋಡಲು ಕಲಿತ.

ನಿನ್ನೆ ಕುರಿ ಇಳಿಸಿದರು. ಮಂಜು ಗುಡ್ಡದ ಅರ್ಧಕ್ಕಿತ್ತು. ಕುರಿಗಳು ಕಾಣುವ ಮೊದಲೇ ಅವುಗಳ ಸದ್ದು ಬಂತು. ಹಾನುಸ್ ಗೋಡೆಯ ಪಕ್ಕ ನಿಂತಿದ್ದ, ಕೋವಿ ನೆಲಕ್ಕೆ ಮುಖ ಮಾಡಿತ್ತು. "ಬಿಚ್ಚಿ, ಟೀಚರ್" ಎಂದ. ಕೊಂಡಿ ನನ್ನ ಬೆರಳಿನಿಂದ ಜಾರಿತು, ಮತ್ತೆ ಜಾರಿತು. ಬಿಚ್ಚಿದೆ. ಅವನ ಬೆನ್ನ ಮೇಲೆ ಕೈ ಇಡಲೂ ಹೆದರಿ ಜೇಬಿನೊಳಗೆ ಇಟ್ಟುಕೊಂಡೆ.

ಕುರಿಗಳು ನಮ್ಮ ಪಕ್ಕದಲ್ಲೇ ಹರಿದು ದೊಡ್ಡಿಯೊಳಗೆ ಹೋಗುತ್ತಿದ್ದವು. ಅವನು ನಡುಗುತ್ತ ನಿಂತಿದ್ದ. ಅಷ್ಟರಲ್ಲಿ ಕುರಿಯೊಂದು ಗುಂಪು ಬಿಟ್ಟು ಸಿಡಿಯಿತು. ಗಂಡಸರೆಲ್ಲ ಒಟ್ಟಿಗೆ ಕೂಗಿದರು. ಹಾನುಸ್ ಎಲ್ಲರಿಗಿಂತ ಜೋರಾಗಿ ಕೂಗಿದ. ಸ್ಕುಗ್ಗಿ ಓಡಿದ. ಕೋವಿ ಮೇಲೆದ್ದದ್ದು ಕಂಡಿತು, ನಾನು ಅದರ ಎದುರಿಗೆ ಹೋದೆನಂತೆ, ಆಮೇಲೆ ಹೇಳಿದರು. ನಾಯಿ ಹೋದದ್ದು ಕುರಿಯ ಕಡೆಗಲ್ಲ. ಸುತ್ತು ಹಾಕಿ ನನ್ನ ಹಿಂದೆ ಬಂದು, ನನ್ನ ಎರಡು ಬೂಟಿನ ನಡುವೆ ತಲೆ ತೂರಿಸಿ ನಿಂತಿತು.

ಹಾನುಸ್ ಗುಂಡು ತೆಗೆದು ಜೇಬಿಗೆ ಹಾಕಿಕೊಂಡ. "ಇರ್ಲಿ ಬಿಡಿ" ಎಂದ. ಅಷ್ಟೇ. ಟಗರಿನ ಮಾತೆತ್ತಿದ್ದು ತಪ್ಪಾಯಿತು ಎಂದು ಒಬ್ಬನೂ ಹೇಳಲಿಲ್ಲ, ಹೇಳುವುದೂ ಇಲ್ಲ. ಮುಂದಿನ ನಾಯಿಗೆ ಮತ್ತೆ ಅದೇ ಮಾತು ಬರುತ್ತದೆ, ನೋಡುತ್ತಿರು. ಆಗಲೂ ನಾನು ಏಳುತ್ತೇನೆ.

ನಿನ್ನ ನಾಯಿ ಉಳಿದಿದೆ, ಸಾಮಲ್. ಈಗ ಒಲೆಯ ಪಕ್ಕ ಕಾಲು ಚಾಚಿ ನಿದ್ದೆ ಹೊಡೆಯುತ್ತಿದೆ. ನಿನ್ನ ಬೆನ್ನು ಬೇಗ ನೆಟ್ಟಗಾಗಲಿ. ನೀನು ಬರುವ ಹಡಗಿಗೆ ಕಡಲು ಶಾಂತವಾಗಿರಲಿ. ದೇವರು ನಿನ್ನ ಹೆಜ್ಜೆಗೆ ಬಲ ಕೊಡಲಿ.

ನಿನ್ನ
ಹೆರ್ಬೋರ್ಗ್

ಮತ್ತೊಂದು ಮಾತು: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಅಂಗೈ ಸುಲಿದ ದಿನ ಬಿರಿತಾ ಅದಕ್ಕೆ ಬಟ್ಟೆ ಸುತ್ತುತ್ತ ಕೇಳಿದಳು, "ಮನೇಲಿ ಕೂಗಾಡೋರು ಯಾರು?" ಯಾರೂ ಇಲ್ಲ ಎಂದೆ. ಅವಳು ನನ್ನ ಮುಖ ನೋಡಿ ಬಟ್ಟೆಯ ಗಂಟು ಬಿಗಿದಳು. ನೀನು ಯಾವತ್ತೂ ಕೈ ಎತ್ತಿದವನಲ್ಲ. ಅದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಬಾಗಿಲಲ್ಲಿ ನಿನ್ನ ಹೆಜ್ಜೆ ಕೇಳಿದಾಗ, ಇವತ್ತು ದನಿ ಹೇಗಿದೆಯೋ ಎಂದು ಉಸಿರು ಹಿಡಿದು ನಿಲ್ಲುವುದು ಸ್ಕುಗ್ಗಿ ಒಬ್ಬನೇ ಅಲ್ಲ. ಅವನಿಗೆ ಓಡಲು ಗುಡ್ಡವಾದರೂ ಇತ್ತು. ನೀನಿಲ್ಲದ ಈ ತಿಂಗಳುಗಳಲ್ಲಿ ನನಗೆ ಚೆನ್ನಾಗಿ ನಿದ್ದೆ ಬಂದಿದೆ. ಅದು ಗೊತ್ತಾದ ದಿನ ನನಗೆ ಕೋವಿಗಿಂತ ಹೆಚ್ಚು ಹೆದರಿಕೆಯಾಯಿತು. ಬಾ, ಇದು ನಿನ್ನ ಮನೆ. ಬರುವ ಮುಂಚೆ ಇದಕ್ಕೆ ಉತ್ತರ ಕೊಡು. ಸಿಟ್ಟು ಬಂದರೆ ಫೋನ್ ಮಾಡಬೇಡ, ಸಾಮಲ್. ಬರೆ.